ಎಂಬತ್ತನಾಲ್ಕು ಲಕ್ಷದ ಲೆಕ್ಕ: ಶೀರ್ಷಪ್ರಹೇಲಿಕಾ ಎಂಬ ಮಹಾಸಂಖ್ಯೆ

ಎಂಬತ್ತನಾಲ್ಕು ಲಕ್ಷ ಎಂಬ ಮಾತು ಕಿವಿಗೆ ಬೀಳದ ಜೈನರ ಮನೆ ಇಲ್ಲ. ಜೀವನು ಅಲೆಯುವ ಯೋನಿಗಳು 84 ಲಕ್ಷ. ಭಗವಾನ್ ಆದಿನಾಥ ಸ್ವಾಮಿಯವರ ಆಯುಷ್ಯ 84 ಲಕ್ಷ ಪೂರ್ವ. ಹೊಸೂರು, ಕೃಷ್ಣಗಿರಿ ಕಡೆಯ ನಮ್ಮ ಅಂಗಡಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ವ್ಯಾಪಾರ ನಡೆಯುತ್ತದೆ. ಮನೆಯೊಳಗೆ ಕನ್ನಡವೋ, ಮಾರವಾಡಿಯೋ, ಗುಜರಾತಿಯೋ ಇರುತ್ತದೆ. ಭಾಷೆ ಯಾವುದಾದರೂ ಸರಿ, ‘ಚೌರಾಸಿ ಲಾಖ್’ ಎಂದರೂ ‘ಎಂಬತ್ತನಾಲ್ಕು ಲಕ್ಷ’ ಎಂದರೂ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಅದನ್ನು ಬಲ್ಲರು.

ಆದರೆ ಈಗಿನ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಗಣಿತ ಕಲಿತು ಬಂದು ಒಂದು ಪ್ರಶ್ನೆ ಕೇಳುತ್ತಾರೆ: ‘ತಾತ, ಶಾಸ್ತ್ರದಲ್ಲಿರುವ ಈ ದೊಡ್ಡ ದೊಡ್ಡ ಸಂಖ್ಯೆಗಳು ನಿಜವಾದ ಲೆಕ್ಕವೇ? ಇಲ್ಲ, ಬಹಳ ಎನ್ನುವುದಕ್ಕೆ ಬಾಯಿಗೆ ಬಂದದ್ದನ್ನು ಹೇಳಿದರೇ?’ ಈ ಪ್ರಶ್ನೆಗೆ ಸಿಟ್ಟಾಗಬಾರದು. ಲೆಕ್ಕ ಕೇಳುವವನು ವ್ಯಾಪಾರಿಯ ಮನೆಯ ಮಗು ಎಂದು ಸಂತೋಷಪಡಬೇಕು. ಲೆಕ್ಕ ಕೇಳಿದವರಿಗೆ ಲೆಕ್ಕವನ್ನೇ ತೋರಿಸಬೇಕು, ಗದರಿಕೆಯನ್ನಲ್ಲ. ಅದಕ್ಕಾಗಿ ಈ ಸಲ ನಮ್ಮ ಆಗಮದ ಒಂದು ಮಹಾಸಂಖ್ಯೆಯನ್ನು ತೆಗೆದುಕೊಂಡು, ಅಂಗಡಿಯ ಕಿರ್ದಿ ಪುಸ್ತಕವನ್ನು ತಾಳೆ ನೋಡುವಂತೆ ತಾಳೆ ನೋಡೋಣ. ಹತ್ತನೆಯ ತರಗತಿಯ ಗಣಿತ ಸಾಕು.

ಇಪ್ಪತ್ತೆಂಟು ಮೆಟ್ಟಿಲು

ಶ್ವೇತಾಂಬರ ಆಗಮಗಳಲ್ಲಿ ಒಂದಾದ ಅನುಯೋಗದ್ವಾರ ಸೂತ್ರದಲ್ಲಿ ಕಾಲದ ಅಳತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳಿದೆ. 84 ಲಕ್ಷ ವರ್ಷಕ್ಕೆ ಒಂದು ಪೂರ್ವಾಂಗ. 84 ಲಕ್ಷ ಪೂರ್ವಾಂಗಕ್ಕೆ ಒಂದು ಪೂರ್ವ. 84 ಲಕ್ಷ ಪೂರ್ವಕ್ಕೆ ಒಂದು ತ್ರುಟಿತಾಂಗ. ಹೀಗೆ ಪ್ರತಿಯೊಂದು ಮೆಟ್ಟಿಲಿಗೂ 84 ಲಕ್ಷದಿಂದ ಗುಣಿಸುತ್ತ ಹೋಗಬೇಕು. ತ್ರುಟಿತ, ಅಡಡ, ಅವವ, ಹೂಹೂಕ, ಉತ್ಪಲ, ಪದ್ಮ, ನಲಿನ, ಅರ್ಥನಿಪೂರ, ಅಯುತ, ನಯುತ, ಪ್ರಯುತ, ಚೂಲಿಕಾ ಎಂದು ಹೆಸರುಗಳು ಬರುತ್ತವೆ. ಪ್ರತಿಯೊಂದು ಹೆಸರಿಗೂ ಮೊದಲು ‘ಅಂಗ’ ಸೇರಿದ ಒಂದು ಮೆಟ್ಟಿಲು, ಆಮೇಲೆ ಆ ಹೆಸರಿನದೇ ಒಂದು ಮೆಟ್ಟಿಲು. ಇಪ್ಪತ್ತೇಳನೆಯದು ಶೀರ್ಷಪ್ರಹೇಲಿಕಾಂಗ, ಇಪ್ಪತ್ತೆಂಟನೆಯದು ಶೀರ್ಷಪ್ರಹೇಲಿಕಾ.

ಮಕ್ಕಳಿಗೆ ಮೊದಲ ಮೂರು ಮೆಟ್ಟಿಲನ್ನು ಕೈಯಿಂದಲೇ ಮಾಡಿಸಿ. ಒಂದು ಪೂರ್ವ ಎಂದರೆ 84 ಲಕ್ಷ ಗುಣಿಲೆ 84 ಲಕ್ಷ. 84ನ್ನು 84ರಿಂದ ಗುಣಿಸಿದರೆ 7056, ಅದರ ಮುಂದೆ ಹತ್ತು ಸೊನ್ನೆ. ಅಂದರೆ 70 ಲಕ್ಷದ 56 ಸಾವಿರ ಕೋಟಿ ವರ್ಷ. ಇದಕ್ಕೇ 14 ಅಂಕಿಗಳು ಬೇಕು. ಅಂಗಡಿಯಲ್ಲಿರುವ 12 ಅಂಕಿಯ ಕ್ಯಾಲ್ಕುಲೇಟರ್ ಎರಡನೆಯ ಮೆಟ್ಟಿಲಿನಲ್ಲೇ ಕೈ ಚೆಲ್ಲುತ್ತದೆ. ಮೂರನೆಯದು 592704, ಅದರ ಮುಂದೆ 15 ಸೊನ್ನೆ. ಇಲ್ಲಿ ಒಂದು ವಿಷಯ ಗಮನಿಸಿರಿ. ಆದಿನಾಥ ಸ್ವಾಮಿಯವರ ಆಯುಷ್ಯ 84 ಲಕ್ಷ ಪೂರ್ವ ಎಂದು ನಾವು ಬಾಲ್ಯದಿಂದ ಹೇಳುತ್ತ ಬಂದಿದ್ದೇವೆ. ಈ ಕ್ರಮದಲ್ಲಿ ಅದು ಸರಿಯಾಗಿ ಒಂದು ತ್ರುಟಿತಾಂಗ. ಅಂದರೆ 28 ಮೆಟ್ಟಿಲುಗಳಲ್ಲಿ ಮೂರನೆಯದು. ಇನ್ನೂ 25 ಮೆಟ್ಟಿಲು ಮೇಲಿವೆ.

ಆರೇ ಗುಣಾಕಾರ

28 ಮೆಟ್ಟಿಲು ಹತ್ತಲು 27 ಸಲ ಗುಣಿಸಬೇಕೆಂದಿಲ್ಲ. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಮೆಟ್ಟಿಲು ಎರಡು ಪಟ್ಟಾಗುತ್ತದೆ. ಸೊನ್ನೆಗಳನ್ನು ಪಕ್ಕಕ್ಕಿಟ್ಟು 84ನ್ನು ಮಾತ್ರ ಹಿಡಿಯೋಣ. ಎರಡನೆಯ ಮೆಟ್ಟಿಲು 7056. ಅದನ್ನು 84ರಿಂದ ಗುಣಿಸಿದರೆ ಮೂರನೆಯದು 592704. 7056ನ್ನು 7056ರಿಂದ ಗುಣಿಸಿದರೆ ನಾಲ್ಕನೆಯದು 49787136. ಮೂರನೆಯದನ್ನೂ ನಾಲ್ಕನೆಯದನ್ನೂ ಗುಣಿಸಿದರೆ ಏಳನೆಯದು 29509034655744. ಅದರ ವರ್ಗ ಹದಿನಾಲ್ಕನೆಯದು: 870783126313900412592193536. ಅದರ ವರ್ಗ ಇಪ್ಪತ್ತೆಂಟನೆಯದು. ಒಟ್ಟು ಆರೇ ಗುಣಾಕಾರ. ಒಂದು ನೋಟ್ ಪುಸ್ತಕ, ಒಂದು ಭಾನುವಾರದ ಮಧ್ಯಾಹ್ನ ಇದ್ದರೆ ಸಾಕು.

ಬರುವ ಫಲವನ್ನು ಓದಲು ಸುಲಭವಾಗಲೆಂದು ಮೂರು ಮೂರು ಅಂಕಿಗಳಾಗಿ ಬಿಡಿಸಿ ಬರೆಯುತ್ತೇವೆ:

758 263 253 073 010 241 157 973 569 975 696 406 218 966 848 080 183 296

ಇವು 54 ಅಂಕಿಗಳು. ಇನ್ನು ಪಕ್ಕಕ್ಕಿಟ್ಟ ಸೊನ್ನೆಗಳು. ಪ್ರತಿ ಲಕ್ಷಕ್ಕೆ ಐದು ಸೊನ್ನೆಯಂತೆ 28 ಮೆಟ್ಟಿಲಿಗೆ 140 ಸೊನ್ನೆ. ಎಲ್ಲ ಸೇರಿ 194 ಅಂಕಿಗಳ ಸಂಖ್ಯೆ. ಇದೇ ಶೀರ್ಷಪ್ರಹೇಲಿಕಾ. ಬಹಳ ಎನ್ನುವುದಕ್ಕೆ ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ. ಮೊದಲ ಅಂಕಿ 7, ಸೊನ್ನೆಗಳ ಹಿಂದಿನ ಕೊನೆಯ ಅಂಕಿ 6, ನಡುವೆ ಒಂದೂ ಸಡಿಲವಿಲ್ಲ.

ತಾಳೆ ಬೀಳುತ್ತದೆಯೇ?

ಹಳೆಯ ಕಾಲದ ಮುನೀಮರು ದೊಡ್ಡ ಗುಣಾಕಾರವನ್ನು ಒಂಬತ್ತರ ತಾಳೆಯಿಂದ ಪರೀಕ್ಷೆ ಮಾಡುತ್ತಿದ್ದರು. ಅಂಕಿಗಳನ್ನು ಕೂಡುತ್ತ ಒಂದೇ ಅಂಕಿಗೆ ಇಳಿಸುವುದು. 84ರಲ್ಲಿ 8 ಮತ್ತು 4 ಕೂಡಿ 12, ಅದು 3. ಎರಡನೆಯ ಮೆಟ್ಟಿಲಿಗೆ ಮೂರು ಮೂರಲಿ ಒಂಬತ್ತು. 7056ರ ಅಂಕಿಗಳನ್ನು ಕೂಡಿದರೆ 18, ಅದೂ 9. ಒಮ್ಮೆ 9 ಬಂದಮೇಲೆ ಎಷ್ಟು ಸಲ ಗುಣಿಸಿದರೂ 9 ಬರಬೇಕು. ಮೇಲಿನ 54 ಅಂಕಿಗಳನ್ನು ಕೂಡಿ ನೋಡಿರಿ, 252 ಬರುತ್ತದೆ. 2, 5, 2 ಕೂಡಿದರೆ 9. ತಾಳೆ ಬಿತ್ತು.

ಆದರೆ ಒಂಬತ್ತರ ತಾಳೆಗೆ ಒಂದು ಕುರುಡು ಇದೆ. 5940 ಬರೆಯುವಲ್ಲಿ 5490 ಬರೆದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ. ಆದ್ದರಿಂದಲೇ ಜಮಾ-ಖರ್ಚಿನಲ್ಲಿ ವ್ಯತ್ಯಾಸ ಬಂದಾಗ ಆ ವ್ಯತ್ಯಾಸ 9ರಿಂದ ಭಾಗವಾಗುತ್ತದೆಯೇ ಎಂದು ಅನುಭವಿಗಳು ಮೊದಲು ನೋಡುತ್ತಾರೆ. ಇಲ್ಲಿ ವ್ಯತ್ಯಾಸ 450, ಅಂದರೆ ಒಂಬತ್ತರ ಐವತ್ತು ಪಟ್ಟು. ಆಗ ಎಲ್ಲೋ ಅಂಕಿ ಹಿಂದುಮುಂದಾಗಿರಬಹುದು ಎಂದು ಹುಡುಕುತ್ತಾರೆ. ಈ ಕುರುಡನ್ನು ನೀಗಿಸುವುದು ಹನ್ನೊಂದರ ತಾಳೆ. ಬಲದಿಂದ ಒಂದನೆಯ, ಮೂರನೆಯ, ಐದನೆಯ ಸ್ಥಾನದ ಅಂಕಿಗಳನ್ನು ಒಂದು ಕಡೆ, ಎರಡನೆಯ, ನಾಲ್ಕನೆಯ, ಆರನೆಯ ಸ್ಥಾನದವನ್ನು ಇನ್ನೊಂದು ಕಡೆ ಕೂಡಬೇಕು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಹನ್ನೊಂದರ ಶೇಷ ಸಿಗುತ್ತದೆ. ನಮ್ಮ ಸಂಖ್ಯೆಯಲ್ಲಿ ಇವು ಕ್ರಮವಾಗಿ 114 ಮತ್ತು 138. 114ರಲ್ಲಿ ಹನ್ನೊಂದರ ಶೇಷ 4, 138ರಲ್ಲಿ 6. ನಾಲ್ಕರಿಂದ ಆರು ಹೋಗದು, ಹನ್ನೊಂದು ಸೇರಿಸಿ ಕಳೆದರೆ 9.

ಈಗ ಸಂಖ್ಯೆಯನ್ನೇ ನೋಡದೆ ಬೇರೆ ದಾರಿಯಿಂದ ಬನ್ನಿರಿ. 84ನ್ನು 11ರಿಂದ ಭಾಗಿಸಿದರೆ ಶೇಷ 7. ಏಳರ ವರ್ಗ 49, ಶೇಷ 5. ಐದರ ವರ್ಗ 25, ಶೇಷ 3. ಇದು ನಾಲ್ಕನೆಯ ಮೆಟ್ಟಿಲು. ಮೂರರ ವರ್ಗ 9, ಇದು ಎಂಟನೆಯ ಮೆಟ್ಟಿಲು. ಎಂಟು ಮತ್ತು ಎರಡು ಸೇರಿ ಹತ್ತನೆಯ ಮೆಟ್ಟಿಲು: ಒಂಬತ್ತೈದಲಿ 45, ಶೇಷ 1. ಹತ್ತಕ್ಕೆ 1 ಎಂದಮೇಲೆ ಇಪ್ಪತ್ತಕ್ಕೂ 1. ಉಳಿದ ಎಂಟಕ್ಕೆ 9. ಆದ್ದರಿಂದ ಇಪ್ಪತ್ತೆಂಟಕ್ಕೆ 9. ಎರಡು ದಾರಿಗಳೂ ಒಂದೇ ಕಡೆ ಬಂದು ಸೇರಿದವು. 140 ಸೊನ್ನೆ ಸೇರಿಸಿದರೂ ಈ ಶೇಷ ಬದಲಾಗದು, ಏಕೆಂದರೆ ನೂರನ್ನು ಹನ್ನೊಂದರಿಂದ ಭಾಗಿಸಿದರೆ ಶೇಷ ಒಂದೇ. ಹೀಗಾಗಿ ಶೀರ್ಷಪ್ರಹೇಲಿಕಾದಷ್ಟು ರೂಪಾಯಿಯನ್ನು ಹನ್ನೊಂದು ಜನ ಪಾಲುದಾರರು ಹಂಚಿಕೊಂಡರೆ ಕೊನೆಗೆ ಸರಿಯಾಗಿ ಒಂಬತ್ತು ರೂಪಾಯಿ ಉಳಿಯುತ್ತದೆ. 194 ಅಂಕಿಗಳ ಸಂಖ್ಯೆಯೂ ಒಂಬತ್ತು ರೂಪಾಯಿಯ ಲೆಕ್ಕ ಕೊಡುತ್ತದೆ ಎಂದರೆ ಅದು ಕಟ್ಟುಕಥೆಯಲ್ಲ.

ಯಾವ ವರ್ಗದ ಸಂಖ್ಯೆ?

ಸಂಖ್ಯೆಗಳನ್ನು ವರ್ಗ ವರ್ಗವಾಗಿ ವಿಂಗಡಿಸುವುದು ನಮ್ಮ ಶಾಸ್ತ್ರಕಾರರಿಗೆ ಪ್ರಿಯವಾದ ಕೆಲಸ. ಭಗವತೀ ಸೂತ್ರದಲ್ಲಿ ನಾಲ್ಕರಿಂದ ಭಾಗಿಸಿ ಉಳಿಯುವ ಶೇಷದ ಮೇಲೆ ನಾಲ್ಕು ವರ್ಗ ಮಾಡಿದ್ದಾರೆ. ಶೇಷ ಉಳಿಯದಿದ್ದರೆ ಕೃತಯುಗ್ಮ, ಮೂರು ಉಳಿದರೆ ತ್ರ್ಯೋಜ, ಎರಡು ಉಳಿದರೆ ದ್ವಾಪರಯುಗ್ಮ, ಒಂದು ಉಳಿದರೆ ಕಲ್ಯೋಜ. ಎಷ್ಟೇ ದೊಡ್ಡ ಸಂಖ್ಯೆಯಾದರೂ ಕೊನೆಯ ಎರಡು ಅಂಕಿ ನೋಡಿದರೆ ಸಾಕು, ವರ್ಗ ತಿಳಿಯುತ್ತದೆ. ಶೀರ್ಷಪ್ರಹೇಲಿಕಾ ಕೃತಯುಗ್ಮ.

ಇನ್ನೊಂದು ವಿಂಗಡಣೆ, ಎಷ್ಟು ಸಲ ಅರ್ಧ ಮಾಡಬಹುದು ಎಂಬುದು. ದಿಗಂಬರ ಪರಂಪರೆಯ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಇದನ್ನು ಅರ್ಧಚ್ಛೇದ ಎಂದು ಕರೆದು ವಿಸ್ತಾರವಾಗಿ ಬಳಸಿದ್ದಾರೆ. 32ನ್ನು ಐದು ಸಲ ಅರ್ಧ ಮಾಡಬಹುದು, ಅದರ ಅರ್ಧಚ್ಛೇದ 5. ಮೂರರಿಂದ ಭಾಗಿಸುತ್ತ ಹೋಗುವುದಕ್ಕೆ ತ್ರಿಕಚ್ಛೇದ ಎಂಬ ಹೆಸರಿದೆ. ಅನುಯೋಗದ್ವಾರದಲ್ಲಿ ಮನುಷ್ಯರ ಸಂಖ್ಯೆಯನ್ನು ಹೇಳುವಲ್ಲಿ, ಅದು 29 ಸ್ಥಾನಗಳ ಸಂಖ್ಯೆ, ಎರಡರ ಐದನೆಯ ವರ್ಗವನ್ನು ಆರನೆಯ ವರ್ಗದಿಂದ ಗುಣಿಸಿದರೆ ಬರುವಂಥದು, 96 ಸಲ ಅರ್ಧ ಮಾಡಬಹುದಾದದ್ದು ಎಂದು ಮೂರು ಗುರುತು ಕೊಟ್ಟಿದ್ದಾರೆ. ಲೆಕ್ಕ ಹಾಕಿದರೆ 79228162514264337593543950336 ಬರುತ್ತದೆ. ಎಣಿಸಿ ನೋಡಿರಿ, ಸರಿಯಾಗಿ 29 ಅಂಕಿಗಳು. ಒಂದು ಸರಕಿಗೆ ತೂಕ, ಉದ್ದ, ಎಣಿಕೆ ಮೂರನ್ನೂ ಬರೆದಿಟ್ಟಂತೆ.

ಇದೇ ರೀತಿ ನಮ್ಮ ಸಂಖ್ಯೆಯನ್ನು ಒಡೆದು ನೋಡೋಣ. 84 ಲಕ್ಷದಲ್ಲಿ 2 ಏಳು ಸಲ, 3 ಒಂದು ಸಲ, 5 ಐದು ಸಲ, 7 ಒಂದು ಸಲ ಇವೆ. 28 ಮೆಟ್ಟಿಲಿಗೆ ಇವನ್ನು 28ರಿಂದ ಗುಣಿಸಬೇಕು. ಹಾಗಾಗಿ ಶೀರ್ಷಪ್ರಹೇಲಿಕಾವನ್ನು 196 ಸಲ ಅರ್ಧ ಮಾಡಬಹುದು, 28 ಸಲ ಮೂರು ಪಾಲು, 140 ಸಲ ಐದು ಪಾಲು, 28 ಸಲ ಏಳು ಪಾಲು ಮಾಡಬಹುದು. ಈ ನಾಲ್ಕನ್ನು ಬಿಟ್ಟು ಬೇರೆ ಯಾವ ಅವಿಭಾಜ್ಯ ಸಂಖ್ಯೆಗೂ ಅದು ಬಗ್ಗುವುದಿಲ್ಲ. ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು? ಶಾಲೆಯ ಸೂತ್ರದಂತೆ ಪ್ರತಿ ಎಣಿಕೆಗೂ ಒಂದು ಸೇರಿಸಿ 197, 29, 141, 29 ಗುಣಿಸಿದರೆ 2,33,60,457. ಎರಡು ಕೋಟಿ ಮೂವತ್ತಮೂರು ಲಕ್ಷಕ್ಕೂ ಹೆಚ್ಚು ಭಾಜಕಗಳು. ಈ ಎಣಿಕೆ ಬೆಸಸಂಖ್ಯೆ ಎಂಬುದನ್ನು ಗಮನಿಸಿರಿ. ಭಾಜಕಗಳ ಎಣಿಕೆ ಬೆಸವಾಗಿದ್ದರೆ ಆ ಸಂಖ್ಯೆ ಪೂರ್ಣವರ್ಗ. ಹದಿನಾಲ್ಕನೆಯ ಮೆಟ್ಟಿಲಿನ ವರ್ಗವೇ ಇದು ಎಂದು ಆಗಲೇ ಕಂಡೆವು. ಅದೂ ತಾಳೆಯಾಯಿತು.

84ರ ಗುಣವೂ ಹೇಳಬೇಕಾದದ್ದು. ಅದರ ಭಾಜಕಗಳು 12. ತನ್ನನ್ನು ಬಿಟ್ಟು ಉಳಿದ 1, 2, 3, 4, 6, 7, 12, 14, 21, 28, 42 ಇವನ್ನು ಕೂಡಿದರೆ 140. ಪಾಲುಗಳ ಮೊತ್ತ ಮೂಲಕ್ಕಿಂತ ಹೆಚ್ಚು. ಇಂಥ ಸಂಖ್ಯೆಗೆ ಸಮೃದ್ಧ ಸಂಖ್ಯೆ ಎನ್ನುತ್ತಾರೆ. ಸಮೃದ್ಧ ಸಂಖ್ಯೆಯನ್ನು ಯಾವುದರಿಂದ ಗುಣಿಸಿದರೂ ಬರುವುದು ಸಮೃದ್ಧವೇ, ಆದ್ದರಿಂದ 28 ಮೆಟ್ಟಿಲುಗಳೂ ಸಮೃದ್ಧ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದ.ರಾ. ಕಾಪ್ರೇಕರ್ (1905-1986) ಇನ್ನೊಂದು ವರ್ಗವನ್ನು ಗುರುತಿಸಿ ಅದಕ್ಕೆ ‘ಹರ್ಷದ’ ಎಂದು ಹೆಸರಿಟ್ಟರು. ತನ್ನ ಅಂಕಿಗಳ ಮೊತ್ತದಿಂದಲೇ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ ಹರ್ಷದ. 84 ಲಕ್ಷದ ಅಂಕಿಗಳ ಮೊತ್ತ 12, ಭಾಗವಾಗುತ್ತದೆ. ಶೀರ್ಷಪ್ರಹೇಲಿಕಾದ ಮೊತ್ತ 252, ಅಂದರೆ 4, 9 ಮತ್ತು 7ರ ಗುಣಲಬ್ಧ. ಅದೂ ಶೇಷವಿಲ್ಲದೆ ಭಾಗವಾಗುತ್ತದೆ. ಹೆಸರಿಗೆ ತಕ್ಕಂತೆ ಹರ್ಷ ಕೊಡುವ ಸಂಖ್ಯೆಯೇ ಸರಿ.

ಪಾಠಭೇದವನ್ನು ಮುಚ್ಚಬೇಕಾಗಿಲ್ಲ

ಎಲ್ಲ ಗ್ರಂಥಗಳಲ್ಲೂ ಇದೇ ಸಂಖ್ಯೆ ಇದೆಯೇ ಎಂದರೆ ಇಲ್ಲ. ಜ್ಯೋತಿಷ್ಕರಂಡಕದಲ್ಲಿ ಶೀರ್ಷಪ್ರಹೇಲಿಕಾ ಎಂದರೆ 84 ಲಕ್ಷದ 36ನೆಯ ಮೆಟ್ಟಿಲು, 250 ಅಂಕಿಗಳು. ಒಂದು ಮಥುರೆಯ ವಾಚನೆ, ಇನ್ನೊಂದು ವಲಭಿಯ ವಾಚನೆ, ಆದ್ದರಿಂದ ಭೇದ ಬಂದಿದೆ ಎಂದು ಟೀಕಾಕಾರ ಮಲಯಗಿರಿ ಆಚಾರ್ಯರು ತಿಳಿಸಿದ್ದಾರೆ. ದಿಗಂಬರ ಪರಂಪರೆಯಲ್ಲಿ ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯ ಕ್ರಮ ಬೇರೆ. ಅಲ್ಲಿ ಪೂರ್ವದ ಮೇಲಿನ ಮೆಟ್ಟಿಲುಗಳಲ್ಲಿ ಕೆಲವಕ್ಕೆ 84 ಲಕ್ಷದಿಂದಲೂ ಕೆಲವಕ್ಕೆ ಬರೀ 84ರಿಂದಲೂ ಗುಣಿಸುತ್ತಾರೆ. ಕೊನೆಯ ಸಂಖ್ಯೆಯ ಹೆಸರು ಅಚಲಾತ್ಮ: 84ನ್ನು 31 ಸಲ ಇಟ್ಟು ಗುಣಿಸಿ, ಮುಂದೆ 90 ಸೊನ್ನೆ. ಒಟ್ಟು 150 ಅಂಕಿಗಳು.

ಹೊಸೂರಿನಂಥ ಊರಿನಲ್ಲಿ ಎರಡೂ ಪಂಥದವರು ಅಕ್ಕಪಕ್ಕದ ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವವರು. ಯಾವುದು ಸರಿ ಎಂದು ಜಗಳವಾಡಬೇಕಾದ ವಿಷಯವಲ್ಲ ಇದು. ಮೂರೂ ಕಡೆ 84 ಒಂದೇ, ಮೆಟ್ಟಿಲು ಮೆಟ್ಟಿಲಾಗಿ ಗುಣಿಸುವುದೂ ಒಂದೇ, ಮೆಟ್ಟಿಲಿನ ಎಣಿಕೆಯೂ ಗುಣಿಸುವ ಕ್ರಮವೂ ಮಾತ್ರ ಬೇರೆ. ಪಾಠಭೇದವನ್ನು ಮುಚ್ಚಿಡದೆ ಕಾರಣ ಸಹಿತ ಬರೆದಿಟ್ಟ ಹಿರಿಯರ ಪ್ರಾಮಾಣಿಕತೆಯನ್ನು ಮಕ್ಕಳಿಗೆ ಹೇಳಬೇಕು. ಹಾಗೆಯೇ, ಜಗತ್ತಿನಲ್ಲಿ ಮತ್ತಾರೂ ದೊಡ್ಡ ಸಂಖ್ಯೆ ಎಣಿಸಲಿಲ್ಲ ಎಂಬ ಜಂಬವೂ ಬೇಡ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲೇ ಗ್ರೀಕರ ಆರ್ಕಿಮಿಡೀಸ್ ಇಡೀ ಜಗತ್ತನ್ನು ತುಂಬಲು ಎಷ್ಟು ಮರಳಿನ ಕಣ ಬೇಕೆಂದು ಲೆಕ್ಕ ಹಾಕಿದ್ದ. ಅಮೆರಿಕದ ಎಡ್ವರ್ಡ್ ಕ್ಯಾಸ್ನರ್ ಒಂದರ ಮುಂದೆ ನೂರು ಸೊನ್ನೆ ಇರುವ ಸಂಖ್ಯೆಗೆ ತನ್ನ ಸೋದರಳಿಯ ಸೂಚಿಸಿದ ‘ಗೂಗಲ್’ ಎಂಬ ಹೆಸರನ್ನು 1940ರ ಪುಸ್ತಕದಲ್ಲಿ ಪ್ರಚಾರಕ್ಕೆ ತಂದರು. ಶೀರ್ಷಪ್ರಹೇಲಿಕಾ ಅದಕ್ಕಿಂತ ಬಹಳ ದೊಡ್ಡದು ಎಂಬುದೂ ನಿಜವೇ.

ನಮ್ಮ ನಾಡಿನ ಗಣಿತ

ಈ ಲೆಕ್ಕದ ಪರಂಪರೆ ಕನ್ನಡ ನಾಡಿನಲ್ಲಿ ಬೆಳೆಯಿತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುವೆ, ಜೈನ ವಿದ್ವಾಂಸ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಬರೆದರು. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಬಡ್ಡಿ, ಪಾಲು, ಚಿನ್ನದ ಬಣ್ಣ ಮುಂತಾಗಿ ವ್ಯಾಪಾರಿಗಳಿಗೆ ಬೇಕಾದ ಲೆಕ್ಕಗಳೆಲ್ಲ ಅದರಲ್ಲಿವೆ. ಹಾರದಂತೆ ಎರಡು ಕಡೆಯಿಂದಲೂ ಒಂದೇ ರೀತಿ ಓದಿಕೊಳ್ಳುವ ಗುಣಲಬ್ಧಗಳೂ ಇವೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. 142857143ನ್ನು 7ರಿಂದ ಗುಣಿಸಿದರೆ 1000000001. 27994681ನ್ನು 441ರಿಂದ ಗುಣಿಸಿದರೆ 12345654321. ಮಕ್ಕಳಿಂದ ಮಾಡಿಸಿ ನೋಡಿರಿ, ಕೇಳದೆಯೇ ಮುಂದಿನದನ್ನು ಕೇಳುತ್ತಾರೆ.

ಈ ಗ್ರಂಥವನ್ನು ಪಾವುಲೂರಿ ಮಲ್ಲನ ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಮುದ್ರಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂತು. ಧವಲಾ ಟೀಕೆಯ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದವು. ಅದರ ಮೊದಲ ಸಂಪುಟ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಲ್ಲಿ ಅಚ್ಚಾಯಿತು.

ನಮ್ಮ ಊರುಗಳಿಗೂ ಇದಕ್ಕೂ ದೂರವೇನಿಲ್ಲ. ಕೃಷ್ಣಗಿರಿ ಜಿಲ್ಲೆ 2004ರವರೆಗೆ ಧರ್ಮಪುರಿ ಜಿಲ್ಲೆಯ ಭಾಗವೇ ಆಗಿತ್ತು. ಆ ಧರ್ಮಪುರಿಯಲ್ಲಿ, ಅಂದಿನ ತಗಡೂರಿನಲ್ಲಿ, ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನ ದೊರೆತಿದೆ. ಶಕವರ್ಷ 815, ಅಂದರೆ ಕ್ರಿ.ಶ. 893. ವ್ಯಾಪಾರಿ ಮನೆತನದ ನಿಧಿಯಣ್ಣ, ಚಂಡಿಯಣ್ಣ ಎಂಬ ಸಹೋದರರು ಅಲ್ಲಿ ಬಸದಿ ಕಟ್ಟಿಸಿದ ವಿಷಯ ಅದರಲ್ಲಿದೆ. ಗಣಿತಸಾರಸಂಗ್ರಹ ಹುಟ್ಟಿ ಐವತ್ತು ವರ್ಷದೊಳಗೇ ಈ ಸೀಮೆಯಲ್ಲಿ ಜೈನ ವರ್ತಕರು ಬಾಳಿ ದಾನ ಮಾಡಿದ್ದರು ಎಂಬುದಕ್ಕೆ ಇದು ಕಲ್ಲಿನ ಸಾಕ್ಷಿ.

ಇಷ್ಟು ದೊಡ್ಡದಾದರೂ ‘ಮಧ್ಯಮ’

ಈಗ ಮುಖ್ಯ ವಿಷಯಕ್ಕೆ ಬರೋಣ. ಸಂಖ್ಯೆಗಳನ್ನು ನಮ್ಮ ಆಚಾರ್ಯರು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ಮೂರು ಭಾಗ ಮಾಡಿದ್ದಾರೆ. ದಿಗಂಬರ ಗ್ರಂಥಗಳಂತೆ ಸಂಖ್ಯಾತದಲ್ಲಿ ಜಘನ್ಯ, ಮಧ್ಯಮ, ಉತ್ಕೃಷ್ಟ ಎಂದು ಮೂರು, ಅಸಂಖ್ಯಾತದಲ್ಲಿ ಒಂಬತ್ತು, ಅನಂತದಲ್ಲಿ ಒಂಬತ್ತು, ಒಟ್ಟು 21 ಭೇದಗಳು. ಜಘನ್ಯ ಸಂಖ್ಯಾತ ಎಂದರೆ 2. ಒಂದನ್ನು ಎಣಿಕೆಗೆ ಹಿಡಿಯುವುದಿಲ್ಲ. ಉತ್ಕೃಷ್ಟ ಸಂಖ್ಯಾತವನ್ನು ತಿಳಿಸಲು ಜಂಬೂದ್ವೀಪದಷ್ಟು, ಅಂದರೆ ಲಕ್ಷ ಯೋಜನ ಅಗಲ, ಸಾವಿರ ಯೋಜನ ಆಳದ ಕುಂಡಗಳನ್ನು ಸಾಸಿವೆಯಿಂದ ತುಂಬುವ ಉಪಮೆ ಕೊಟ್ಟಿದ್ದಾರೆ.

ಹಾಗಾದರೆ 194 ಅಂಕಿಗಳ ಶೀರ್ಷಪ್ರಹೇಲಿಕಾ ಎಲ್ಲಿ ಸೇರುತ್ತದೆ? ಅನಂತದಲ್ಲಲ್ಲ, ಅಸಂಖ್ಯಾತದಲ್ಲಲ್ಲ, ಉತ್ಕೃಷ್ಟ ಸಂಖ್ಯಾತವೂ ಅಲ್ಲ. ಅದು ಬರೀ ಮಧ್ಯಮ ಸಂಖ್ಯಾತ. ಅಂಗಡಿಯ ಗಲ್ಲಾ ಪೆಟ್ಟಿಗೆಯಲ್ಲಿರುವ ಐನೂರರ ನೋಟು ಯಾವ ವರ್ಗದಲ್ಲಿದೆಯೋ ಅದೂ ಅದೇ ವರ್ಗದಲ್ಲಿದೆ. ಗಣಿತದ ವ್ಯವಹಾರ ಇಲ್ಲಿಯವರೆಗೆ, ಇದರಿಂದಾಚೆಗೆ ಉಪಮೆಯಿಂದ ತಿಳಿಯಬೇಕು ಎಂದು ಅನುಯೋಗದ್ವಾರದಲ್ಲಿ ಗಡಿ ಹಾಕಿದ್ದಾರೆ. ಪಲ್ಯೋಪಮ, ಸಾಗರೋಪಮಗಳು ಆ ಗಡಿಯ ಆಚೆಯವು. ಎಣಿಸಬಹುದಾದದ್ದನ್ನು ಕೊನೆಯ ಅಂಕಿಯವರೆಗೆ ಎಣಿಸು, ಎಣಿಸಲಾಗದ್ದನ್ನು ಎಣಿಸಿದೆ ಎಂದು ಹೇಳಬೇಡ. ನಮ್ಮ ತಿಳಿವಳಿಕೆಗೆ ಬಂದಂತೆ ಶೀರ್ಷಪ್ರಹೇಲಿಕಾ ಕಲಿಸುವ ಪಾಠ ಇದು. ದೊಡ್ಡದು ಬೇರೆ, ಲೆಕ್ಕಕ್ಕೆ ಸಿಗದ್ದು ಬೇರೆ. ನಾವು ದಿನವೂ ಇವೆರಡನ್ನು ಒಂದೇ ಎಂದು ತಿಳಿದು ಮೋಸಹೋಗುತ್ತೇವೆ.

ಅಂಗಡಿಗೆ ಬಂದ ಪಾಠ

ಶ್ರಾವಕರ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಪರಿಮಾಣ ಎಂದರೆ ಅಳತೆ. ಉಪಾಸಕದಶಾ ಸೂತ್ರದಲ್ಲಿ ಬರುವ ವಾಣಿಜ್ಯಗ್ರಾಮದ ಆನಂದ ಶ್ರಾವಕನ ಕಥೆ ಎಲ್ಲರಿಗೂ ಗೊತ್ತು. ಅವನ ನಾಲ್ಕು ಕೋಟಿ ಹೊನ್ನು ನಿಧಿಯಲ್ಲಿ, ನಾಲ್ಕು ಕೋಟಿ ವ್ಯವಹಾರದಲ್ಲಿ, ನಾಲ್ಕು ಕೋಟಿ ಮನೆಯ ಬಳಕೆಯಲ್ಲಿ. ಹತ್ತು ಹತ್ತು ಸಾವಿರ ಗೋವುಗಳ ನಾಲ್ಕು ಹಿಂಡು. ಭಗವಾನ್ ಮಹಾವೀರರ ಬಳಿ ವ್ರತ ತೆಗೆದುಕೊಳ್ಳುವಾಗ ಅವನು ‘ಇನ್ನು ಆಸೆ ಕಡಿಮೆ ಮಾಡುತ್ತೇನೆ’ ಎಂದು ಸಡಿಲವಾಗಿ ಹೇಳಲಿಲ್ಲ. ಹೊನ್ನು ಇಷ್ಟು, ಗೋವು ಇಷ್ಟು, ನೇಗಿಲು ಐನೂರು ಎಂದು ಸಂಖ್ಯೆಯಲ್ಲಿ ಹೇಳಿ, ಇದಕ್ಕಿಂತ ಹೆಚ್ಚಿನದು ಬೇಡ ಎಂದ. ಸಂಖ್ಯೆ ಇಲ್ಲದ ವ್ರತ ತೂಕದ ಕಲ್ಲಿಲ್ಲದ ತಕ್ಕಡಿಯಂತೆ.

ನಮ್ಮ ಸಂಪತ್ತು ಎಷ್ಟೇ ಬೆಳೆಯಲಿ, ಅದು ಸಂಖ್ಯಾತ. ಹೊಸೂರಿನಲ್ಲಿ ನಿವೇಶನದ ಬೆಲೆ ಎಷ್ಟೇ ಏರಲಿ, ಕೃಷ್ಣಗಿರಿಯ ಮಾವಿನ ಫಸಲು ಎಷ್ಟೇ ಬರಲಿ, ಹನ್ನೆರಡು ಅಂಕಿಯ ಕ್ಯಾಲ್ಕುಲೇಟರಿನೊಳಗೆ ಹಿಡಿಯುವಷ್ಟೇ. ಆಸೆ ಮಾತ್ರ ಲೆಕ್ಕದ ಆಚೆ ಹೋಗುತ್ತದೆ. ಎಣಿಕೆಗೆ ಸಿಗುವ ವಸ್ತುವಿನ ಹಿಂದೆ ಎಣಿಕೆಗೆ ಸಿಗದ ಆಸೆಯನ್ನು ಕಟ್ಟಿದರೆ ಖಾತೆ ಎಂದಿಗೂ ಮುಗಿಯುವುದಿಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳಗಳು ಎಷ್ಟೋ ಮನೆಗಳಲ್ಲಿ ಇಲ್ಲಿಂದಲೇ ಹುಟ್ಟುತ್ತವೆ. ಸ್ವತ್ತನ್ನು ಪಾಲು ಮಾಡಬಹುದು, 84ಕ್ಕೇ ಹನ್ನೆರಡು ಭಾಜಕಗಳಿವೆ. ‘ಇನ್ನೂ ಬೇಕು’ ಎಂಬುದಕ್ಕೆ ಭಾಜಕವೇ ಇಲ್ಲ.

ಆದ್ದರಿಂದ ವಾಚಕ ಬಂಧುಗಳಲ್ಲಿ ಎರಡು ಮಾತು. ಮೊದಲನೆಯದು, ರಜೆಯ ಒಂದು ದಿನ ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಆ ಆರು ಗುಣಾಕಾರಗಳನ್ನು ಕಾಗದದ ಮೇಲೆ ಮಾಡಿರಿ. ಮೊಬೈಲಿನಲ್ಲಿ ಮಾಡಿದರೆ ಅದು ಸಾಮಾನ್ಯವಾಗಿ ಮೊದಲ ಕೆಲವು ಅಂಕಿ ತೋರಿಸಿ ಉಳಿದುದನ್ನು ನುಂಗುತ್ತದೆ. ಕೈಯಿಂದ ಮಾಡಿದರೆ ಒಂದೊಂದು ಅಂಕಿಯೂ ನಮ್ಮದಾಗುತ್ತದೆ, ಶಾಸ್ತ್ರದ ಮೇಲೆ ಮಗುವಿನ ನಂಬಿಕೆಯೂ ಲೆಕ್ಕದ ಮೇಲೆ ನಿಲ್ಲುತ್ತದೆ. ಎರಡನೆಯದು, ಬರುವ ಪರ್ಯುಷಣ, ದಶಲಕ್ಷಣ ಪರ್ವಗಳ ಹೊತ್ತಿಗೆ ಪ್ರತಿಯೊಂದು ಮನೆಯ ಹಿರಿಯರೂ ಒಂದು ಚೀಟಿಯ ಮೇಲೆ ತಮ್ಮ ಪರಿಮಾಣದ ಸಂಖ್ಯೆಯನ್ನು ಬರೆಯಲಿ. ಅದು ದೊಡ್ಡದಾಗಿದ್ದರೂ ಚಿಂತೆಯಿಲ್ಲ, 194 ಅಂಕಿಯ ಸಂಖ್ಯೆಗೇ ಗಡಿ ಹಾಕಿದವರ ಮಕ್ಕಳು ನಾವು. ಬರೆಯದೆ ಬಿಡುವುದು ಮಾತ್ರ ಬೇಡ.

ಜೈ ಜಿನೇಂದ್ರ.